ಹೊರಗ ಹೋದ ವೇಳೆ

ಪೆನ್ಸಿಲ್ಲಿನ್ಯಾಗ ಬರೀತೇನಿ ವಿಳಾಸ.
ಪೆನ್ನಿನ್ಯಾಗ ಬರದು ಒಂದು ಸಲ ಕೆಟ್ಟೀನಿ:
ಮಾಲತಿ ಉಜಗರೆ ಐದು ವರ್ಷದಾಗ ನಾಕು ಮನಿ ಬದಲಿಸಿದಳು,
ಖಡಕಿ, ಪಿಂಪರಿ, ಮಿರಜ, ತಿರುಗಿ ಖಡಕಿ;
ಗೀಚಿ ಗೀಚಿ ಹಾಳಿನ ಹರದು ಹೋತು.

ಈ ವಹಿ ಕಾಲೇಜಿಂದು.
ಬಾಗಲಾ ಹಾಕಿದ ದಿನ
ಲೈಬ್ರರಿ ಕೀಲಿಕೈ ಒಪ್ಪಿಸಲಿಕ್ಕೆ ಹೋಗಿದ್ದೆ.
ಕಪಾಟು ಖಾಲಿ ಮಾಡತಿದ್ದ ಗುಮಾಸ್ತ ಸಾಳ್ವೆ ಮಾಮಾ
"ರದ್ದಿಗೆ ಕಿಲೋಕ್ಕ ಎಂಟು ರೂಪಾಯಿ, ನಿನಗ ಪುಕಟ" ಅಂತ
ನನ್ನ ಚೀಲದಾಗ ತುರುಕಿದರು.
ಕೆಂಪು ರಟ್ಟು. ಒಳಗ
ಫೀ ಬಾಕಿ ಉಳಿಸಿಕೊಂಡವರ ಪಟ್ಟಿ.
ಅಲ್ಲಿಂದನ ಸುರು ಮಾಡಿದೆ.
ಸಾಲ ಇದ್ದವರು ಊರು ಬಿಟ್ಟರೂ ಸಿಗತಾರ,
ತೀರಿಸಿದವರನ್ನ ಹುಡುಕೂದು ಕಷ್ಟ.

ನಾ ಬೆಟಗೇರಿಯಾಕಿ, ಮಿಷನ್ ದವಾಖಾನಿ ನರ್ಸಿನ ಮಗಳು.
ಮರಾಠಿ ಬರದ ಬಾಯಿ ಹೊತಗೊಂಡು ಪುಣೆಕ್ಕ ಬಂದಾಗ
ಹಾಸ್ಟೆಲಿನ ಮಿಸ್ ಪಾಥರೆ ಮೊದಲ ಕಲಿಸಿದ್ದು
"ಮಲಾ ಭೂಕ ಲಾಗಲೀ ಆಹೆ."
ಉಳದದ್ದು ಹಸಿವಿನ ಕಲಿಸಿತು.

ಶಿರಾಜಿನ ಬೆಹರೂಜನದು ಬಾಜೂ ಬಾಕು.
ಅವಗೂ ಮರಾಠಿ ಬರತಿರಲಿಲ್ಲ,
ಇಬ್ಬರೂ ಕೂಡಿ ಮೂರು ವರ್ಷ ತಪ್ಪು ತಪ್ಪು ಮಾತಾಡಿದಿವಿ.
ಅವನ ದೇಶದಾಗ ಗದ್ದಲ ಎದ್ದ ವರ್ಷ ಹೋದ.
ಎಪ್ಪತ್ತೊಂಬತ್ತರಿಂದ ಅವನ ಸಾಲು ಖಾಲಿ ಅದ.
ಬ್ಯಾರೆಯವರಿಗೆ ಕೊಟ್ಟಿಲ್ಲ.

ತೀರಿಕೊಂಡವರ ಹೆಸರು ಅಳಸೂದಿಲ್ಲ,
ವಿಳಾಸ ಅಷ್ಟ ಅಳಸತೇನಿ.

ಮುಂಜಾನೆ ಎರಡು ಫೋನು, ಸಂಜಿಕೆ ಎರಡು.
ಒಬ್ಬರ ಮೊಣಕಾಲಿನ ಸುದ್ದಿ ಇನ್ನೊಬ್ಬರಿಗೆ,
ಅವರ ಸೊಸಿ ಸುದ್ದಿ ಇವರಿಗೆ, ಸ್ವಲ್ಪ ಸೋಸಿ.
ಜಯವಂತ ಭಾಂಬಳಗೂ ಮಾಡತೇನಿ.
ಜಾಗ ಮಾರಿದ ಕಾಗದದ ಮ್ಯಾಲ ಅವನ ಸಹಿ ಅದ.
"ಅವನ್ನ ಅಳಸಿ ಒಗಿ" ಅಂತ ಮೂರು ಮಂದಿ ಹೇಳ್ಯಾರ.
ರಬ್ಬರು ನನ್ನ ಕೈಯಾಗ ಅದ.

ಡಿಸೆಂಬರದ ಎರಡನೇ ಶನಿವಾರ
ಗೇಟಿನ ಮುಂದ ಕೂಡತೀವಿ.
ಒಳಗ ಹದಿನಾಕು ಮಜಲಿನ ಸೊಸೈಟಿ.
ಪ್ರಾರ್ಥನಾ ಮಂದಿರ ಒಂದು ಉಳದದ, ಜಿಮ್ಮು ಆಗಿ;
ನಾವು ಮಂಡಿ ಊರತಿದ್ದಲ್ಲೇ
ಮಂಡಿ ಊರಿ ವಜ್ಜಿ ಎತ್ತತಾರ ಹುಡುಗೂರು,
ಮಾರಿ ಮ್ಯಾಲ ಅದ ಸಂಕಟ, ಅದ ಭಕ್ತಿ.

ಈ ವರ್ಷ ಹೊಸಾ ಪಹರೇದಾರ, ಲಾತೂರ ಕಡಿಯವ,
ಮೀಸಿ ಇನ್ನೂ ಪೂರಾ ಬಂದಿಲ್ಲ.
ರಜಿಸ್ಟರ ಮುಂದ ಮಾಡಿದ.
ಹೆಸರು. ಫೋನು. ಒಳಗ ಬಂದ ವೇಳೆ.
ಯಾರನ್ನ ಭೆಟ್ಟಿ ಆಗಬೇಕು?

ಹಿಂದ ಹದಿನಾರು ಮಂದಿ ಪಾಳೆ, ಒಂದು ವಾಕರು.
ಮಿಸ್ ಪಾಥರೆ, ಅಂತ ಬರದೆ.
"ಫ್ಲಾಟ್ ನಂಬರು?"
"ಕೆಳಗಿನ ಮಜಲು, ಮೆಸ್ಸಿನ ಬಾಜೂಕ."
ಮಾಲತಿ ಬರದದ್ದು ಸಾಳ್ವೆ ಮಾಮಾನ ಹೆಸರು.
ಒಬ್ಬಾಕಿ ಸತ್ತ ಗಂಡನ ಹೆಸರು ಬರದು ನಕ್ಕಳು,
ಅವ ಪ್ರಯೋಗಶಾಲಾದಾಗ ಭೆಟ್ಟಿ ಆಗಿದ್ದನಂತ.
ಭಾಂಬಳ ಎಲ್ಲಾರಿಗಿಂತ ಕಡೀಕ.
ಪೆನ್ನು ಹಿಡದು ಭಾಳ ಹೊತ್ತು ನಿಂತ.
ಏನ ಬರದನೋ,
ಪರೀಕ್ಷಾದಾಗ ಅಡ್ಡ ಇಟಗೊಳ್ಳತಿದ್ದಂಗ
ಎಡಗೈ ಅಡ್ಡ ಇಟಗೊಂಡಿದ್ದ.
ಯಾರೂ ಬಗ್ಗಿ ನೋಡಲಿಲ್ಲ.
ಒಳಗ ಚಹಾ ಕುಡಿಯೂ ಮುಂದ
ಮಾಲತಿ ಅವನ ಬಶಿಯಾಗ ಒಂದು ಖಾರಿ ಇಟ್ಟಳು,
ಮಾತು ಮಾತ್ರ ಆಡಲಿಲ್ಲ.

ಮರುದಿನ ಚರ್ಚಿಗೆ ಸೀರಿ ಉಡತಿದ್ದೆ,
ಪಹರೇದಾರನ ಫೋನು.
"ಆಜಿ, ಹೊರಗ ಹೋದ ವೇಳೆ ಯಾರೂ ಬರದಿಲ್ಲ.
ನಮ್ಮ ಲೆಕ್ಕದಾಗ ಹದಿನೇಳು ಮಂದಿ
ಇನ್ನೂ ಒಳಗ ಇದ್ದೀರಿ.
ಸಾಹೇಬರು ಬೈತಾರ. ಎಲ್ಲಾರಿಗೂ ಆರು ಅಂತ ಬರೀಲೇನು?"

ಸೀರಿ ನಿರಿಗಿ ಕೈಯಾಗ ಹಂಗ ಇತ್ತು.
"ಇವತ್ತೊಂದಿನ ತಡಿಯಪಾ" ಅಂದೆ,
"ಒಬ್ಬ ಶಿರಾಜಿಂದ ಬರೂದದ."