ಚಿಲಕ

"ಎಷ್ಟು ದಿನಕ್ಕೊಮ್ಮೆ?" ಎಂದೆ.
ಗಂಗುಲಮ್ಮ ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳಿದಳು:
ಭಾನುವಾರಕ್ಕೆ ಭಾನುವಾರ.

ಕಲ್ಲಿನ ಹಾಗೆಯೇ? ರಕ್ತ? ತೂಕ ಇಳಿದಿದೆಯೇ?
ಮೊದಲನೆಯದಕ್ಕೆ ಹೂಂ, ಉಳಿದೆರಡಕ್ಕೆ ಇಲ್ಲ.
ಮುದ್ದೆ, ಮಸ್ಸೊಪ್ಪು ದಿನವೂ ಉಣ್ಣುತ್ತಾಳಂತೆ.
ಹೊಟ್ಟೆ ಒತ್ತಿದೆ; ಎಡಮಗ್ಗುಲಲ್ಲಿ
ಗಂಟುಗಂಟು ಬೆರಳಿಗೆ ಸಿಕ್ಕಿತು.
ಥೈರಾಯ್ಡ್ ಪರೀಕ್ಷೆ ಬರೆದೆ, ಇಸಬ್‌ಗೋಲು ಬರೆದೆ,
ನೀರು ಜಾಸ್ತಿ ಕುಡೀರಿ ಎಂದೆ.

"ಕುಡಿದರೆ ಹೋಗಬೇಕಲ್ಲ ಸಾರ್."

ಶಿಡ್ಲಘಟ್ಟದ ಫಿಲೇಚರಿನಲ್ಲಿ
ಕುದಿನೀರಿನ ಗೂಡಿನಿಂದ ದಿನವಿಡೀ
ತುಂಡಾಗದಂತೆ ನೂಲು ತೆಗೆವ ಬೆರಳು
ಸೆರಗಿನ ತುದಿ ಹಿಂಜುತ್ತಿತ್ತು.
ಹತ್ತೊಂಬತ್ತು ಹೆಂಗಸರು, ಒಂದೇ ಕಕ್ಕಸು,
ಬಾಗಿಲಿಗೆ ಚಿಲಕವಿಲ್ಲ.

ಚೀಟಿಯಲ್ಲಿ, ರಾತ್ರಿಯ ಸಿರಪ್ಪಿನ ಕೆಳಗೆ,
'ಮಾಲೀಕರಿಗೆ' ಎಂದು ಗೆರೆ ಎಳೆದು ಬರೆದೆ:
ಚಿಲಕ, ಒಂದು. ತಕ್ಷಣ.

ಸಂಜೆ ಮೆಡಿಕಲ್ ಸ್ಟೋರಿನ ಹುಡುಗನ ಫೋನು:
"ಮಿಕ್ಕಿದ್ದೆಲ್ಲ ಕೊಟ್ಟೆ ಸಾರ್,
ಕೊನೇದು ಸ್ಟಾಕಿಲ್ಲ."