ಬಲೆಯ ತೂಕ

ಕಪನೂರಿನ ದಾಲ್ ಮಿಲ್ಲಿನ ಕಾಟಾದ ಕೋಣೆಯೊಳಗ
ರಾತ್ರಿ ಪಾಳಿ ನಂದು.
ಗಾಜಿನಾಚೆ ತೊಗರಿ ಧೂಳು, ಟ್ಯೂಬ್‌ಲೈಟಿಗೆ ಹುಳ,
ಗಾಜಿನೀಚೆ ಒಂದು ಕಂಪ್ಯೂಟರು,
ಅದರ ಕೀಲಿಮಣೆಯಾಗ ‘ಕ’ ಒತ್ತಿದರ ಎರಡು ಸಲ ಬೀಳ್ತದ.

ಯಾರೋ ಕಟ್ಟಿ ಬಿಟ್ಟಾರ ಒಂದು ಲೆಕ್ಕದ ಜಾಲತಾಣ.
ಬೀಗ ಇಲ್ಲ, ಬಾಡಿಗಿ ಇಲ್ಲ,
ಬೇಕಾದವರು ಬಿಚ್ಚಿ ನೋಡಬಹುದು, ಹೊಲಿಗೆ ತಿದ್ದಬಹುದು.
ಕನ್ನಡಕ್ಕ ತಿರುಗಿಸಿ ನೋಡಿದೆ:
‘ನೆಟ್ ವೇಟ್’ ಇರಬೇಕಾದಲ್ಲಿ ‘ಬಲೆಯ ತೂಕ’.

ನಕ್ಕೆ. ಆಮ್ಯಾಲೆ ನಗಲಿಲ್ಲ.
ನಲವತ್ತು ಚೀಲ ತೊಗರಿಯ ಕೆಳಗ ಬಲೆ ಅಂತ ಅಚ್ಚಾದ ಚೀಟಿ
ಯಾರೋ ಒಬ್ಬಾಕಿ ಕೈಯಾಗ ಹಿಡಿದು ನಿಂತಂಗ ಕಾಣಿಸ್ತು.

ಇಳಿಸಿಕೊಂಡೆ ಇಡೀ ಮನಿ, ಗೋಡೆ ಗಿಲಾವು ಮೊಳೆ ಸಮೇತ.
ಒಂದು ಪುಟ ತೆರೀಲಿಕ್ಕೆ ಸಾವಿರದ ಇನ್ನೂರು ಮಂದಿ ನೆಂಟರು ಬೇಕಂತ,
ಒಬ್ಬೊಬ್ಬ ನೆಂಟಗೂ ಮತ್ತ ನೆಂಟರು.
ಅರ್ಧ ದಾರಿಗೆ ದಿನದ ಡೇಟಾ ಮುಗೀತು.
ಲಾರಿ ಕ್ಲೀನರ್ ಭೀಮಶಾ ತನ್ನ ಮೊಬೈಲ್ ಕಿಟಕಿಗಿಟ್ಟ:
‘ತಗೋರಿ ಸರ, ನಂದು ಹನ್ನೆರಡಕ್ಕ ಹೊಸಾದು ಬರ್ತದ.’

ಕೆಂಪು ಸಾಲು. ಹಳೇ ಆವೃತ್ತಿ ಅಂತು. ಹೊಸಾದು ಹಾಕಿದೆ.
ಕೆಂಪು ಸಾಲು. ಮೂರು ಸಾವಿರನೇ ಬಾಗಿಲದಾಗ ಯಾರೋ ಕೂತಾರಂತ.
ಯಾರದು ಅಂತ ಹುಡುಕಿದರ
ನಮ್ಮ ಕಾಟಾದ ಸಾಫ್ಟ್‌ವೇರೇ, ಬಾಗಿಲಿಗೆ ಬೆನ್ನು ಕೊಟ್ಟು.
ಅದನ್ನ ಎಬ್ಬಿಸಂಗಿಲ್ಲ, ಲಾರಿ ಸಾಲಿನ್ಯಾಗ ನಿಂತಾವ.
ಮೂರು ಸಾವಿರದ ಒಂದು, ಪಕ್ಕದ ಬಾಗಿಲ ಬಡದೆ.

ತೆರೀತು.
ಭೀಮಶಾ ತನ್ನ ಮೊಬೈಲ್‌ನಾಗ ಅದೇ ವಿಳಾಸ ಒತ್ತಿ ನೋಡಿ
‘ನನಗ ಬರವಲ್ದು.’
ಇದು ಲೋಕಲ್‌ಹೋಸ್ಟ್ ಪಾ, ಈ ಡಬ್ಬಿಯೊಳಗಷ್ಟೇ ಇದರ ಊರು.
‘ಅಂದ್ರ ನೀವೇ ಕಟ್ಟಿ ನೀವೇ ನೋಡಾದು?’
ಹೂಂ.
‘ಕನ್ನಡಿ ಇದ್ದಂಗ’ ಅಂದ, ಚಾ ತರಲಿಕ್ಕೆ ಹೋದ.

ಒಂದು ಟೊಂಗಿ ಒಡಿಸಿ ‘ನಿವ್ವಳ’ ಅಂತ ಹೆಸರಿಟ್ಟೆ.
ಸಾಲು ಇನ್ನೂರ ಹದಿನಾಲ್ಕು.
ಬಲೆ ಅಳಿಸಿ ನಿವ್ವಳ ಕೂಡಿಸಿದೆ. ‘ಕ’ ಎರಡು ಸಲ ಬಿತ್ತು, ಒಂದು ತೆಗೆದೆ.
ಪರೀಕ್ಷೆ ಓಡಿಸಿದರ ಒಂದು ಬಿದ್ದೇಬಿಡ್ತು:
ಎಂದೋ ಯಾರೋ ನಿಲ್ಲಿಸಿ ಹೋದ ಕಾವಲು,
ಅಲ್ಲಿ ಬಲೆಯೇ ಇರಬೇಕಂತ ಕಾಯ್ಕೋತ ಕೂತದ.
ತಪ್ಪಿಗೂ ಒಬ್ಬ ನಿಯತ್ತಿನ ವಾಚ್‌ಮನ್.
ಅವಗೂ ಹೊಸ ಪದ ಕಲಿಸಿದೆ. ಹಸಿರು.

ಅಷ್ಟರಾಗ ಹಾರ್ನ್. ಹುಮನಾಬಾದ್ ಕಡಿಂದ ಹತ್ತು ಗಾಲಿಯ ಲಾರಿ
ಕಾಟಾ ಏರಿತು, ಅಂಕಿ ಓಲಾಡಿ ನಿಂತಿತು.
ಐದು ಕಿಲೋ ಕೆಳಗಿಂದು ಈ ಕಾಟಾಕ್ಕ ಕಾಣಂಗಿಲ್ಲ.
ಡ್ರೈವರನ ಚಪ್ಪಲಿ ಕಾಣಂಗಿಲ್ಲ,
ಎರಡು ಸಾಲಿನ ತಿದ್ದುಪಡಿ ಎಲ್ಲಿಂದ ಕಾಣಬೇಕು.
ಕಳಿಸಿದೆ.

ಹನ್ನೊಂದು ದಿನ ಸುದ್ದಿ ಇಲ್ಲ.
ಹನ್ನೆರಡನೇ ರಾತ್ರಿ, ಬೆಕ್ಕಿನ ಚಿತ್ರ ಇಟ್ಟುಕೊಂಡ ಯಾರೋ,
ಅವರ ಕಡಿಗೆ ಮಧ್ಯಾಹ್ನ ಇದ್ದೀತು, ಕೇಳಿದರು:
ಥ್ಯಾಂಕ್ಸ್. ನಿಮ್ಮಲ್ಲಿ ಜನ ಈ ಪದ ಬಳಸ್ತಾರಾ?

ಖರೆ ಹೇಳಬೇಕಲ್ಲ. ಕಾಟಾದ ಮುಂದ ಕೂತು ಸುಳ್ಳು ಬರಂಗಿಲ್ಲ.
ಡ್ರೈವರ್ ಶಂಶೋದ್ದೀನ್ ಕಿಟಕಿಗೆ ಮುಖ ತಂದು ಕೇಳೋದು ‘ನೆಟ್ ಎಷ್ಟ್ ಬಂತು?’
ಸೇಠ್ ಕೇಳೋದೂ ನೆಟ್. ಹಮಾಲರ ಮುಕಾದಮನೂ ನೆಟ್.
ನಿವ್ವಳ ಉಳಿದದ್ದು ಗುಮಾಸ್ತ ಚನ್ನವೀರಯ್ಯನ ಹಳೇ ವಹಿಯಾಗ,
ನೀಲಿ ಶಾಯಿಲೆ, ವತ್ತನ್ನ ಬಾಲದಂಗ ಉದ್ದ ಎಳೆದು.
ಫೋಟೊ ಹೊಡೆದೆ. ಕೆಳಗ ಬರೆದೆ:
ಇಲ್ಲ ರೀ, ಎಲ್ಲರೂ ನೆಟ್ ಅಂತಾರ.
ಆದ್ರ ಬಲೆ ಅಂತ ಯಾರೂ ಅನ್ನಂಗಿಲ್ಲ.

ಕಳಿಸೋ ಗುಂಡಿ ಒತ್ತೋದರಾಗ
ಭೀಮಶಾ ಗಾಜು ತಟ್ಟಿದ:
‘ಸರ, ನೆಟ್ ಅದ ಏನು?’

ಯಾವ ನೆಟ್ ಅಂತ ಕೇಳಲಿಲ್ಲ.
ನನ್ನ ಮೊಬೈಲ್ ಕಿಟಕಿಗಿಟ್ಟೆ.