ನಲವತ್ತನಾಲ್ಕನೇ ನಂಬರಿನ ಬೂಟು

ವೂಚ್ ಎಂದರೆ ನಮ್ಮ ಮಾತಿನಲ್ಲಿ ದೋಣಿ.
ಹೊಳೆಯನ್ನು ಮಾತ್ರ ಎಂದೋ ನೆಲದಡಿಯ ಕೊಳವೆಗೆ ತಳ್ಳಿ
ಮೇಲೆ ಗಿರಣಿ ಕಟ್ಟಿದರು.
ಗಿರಣಿ ನಿಂತಮೇಲೆ, ಬಟ್ಟೆಗೆ ಬಣ್ಣ ಹಾಕುತ್ತಿದ್ದ ಕೋಣೆಯಲ್ಲಿ
ಬೊಝೆನಾ ಅರವತ್ತು ಮಂಚ ಹಾಕಿದಳು
ರಾತ್ರಿಗೆ ನೆಲೆಯಿಲ್ಲದವರಿಗೆ.

ನಾನು ಮೂವತ್ತೊಂದು ವರ್ಷ ತೆರಿಗೆ ಕಚೇರಿಯಲ್ಲಿದ್ದವನು.
ನಿವೃತ್ತಿಯ ಮರುವಾರವೇ ನಗರಸಭೆ ಕಳಿಸಿತು:
ಹೋಗಿ, ಅಲ್ಲಿಗೊಂದು ಶಿಸ್ತು ತನ್ನಿ.

ಶಿಸ್ತು ಬೇಕಿತ್ತು, ಸುಳ್ಳಲ್ಲ.
ಜಮಾಖರ್ಚು ಬಿಸ್ಕತ್ತಿನ ಡಬ್ಬಿಯಲ್ಲಿತ್ತು,
ಗುಳಿಗೆಗಳ ಗಡುವು ಮುಗಿದು ಎರಡು ಚಳಿಗಾಲ.
ದಾನದ ಬೂಟುಗಳೆಲ್ಲ ಒಂದೇ ರಾಶಿ;
ಮೂವತ್ತೊಂಬತ್ತರೊಳಗೆ ನಲವತ್ತನಾಲ್ಕರ ಪಾದ ತುರುಕಿಕೊಂಡು
ಮುದುಕರು ಹಿಮದಲ್ಲಿ ಕುಂಟುತ್ತಿದ್ದರು.
ನಂಬರಿನಂತೆ ಜೋಡಿಸಿದೆ. ಹಿಮ್ಮಡಿಯ ಒಳಗೆ
ಅಳಿಸದ ಶಾಯಿಯಲ್ಲಿ ಕ್ರಮಸಂಖ್ಯೆ ಬರೆದೆ.
ಅದೊಂದು ಮಾತ್ರ ಇಂದಿಗೂ ನನ್ನ ಹೆಮ್ಮೆ.

ಆಮೇಲೆ ಗೋಡೆಗೆ ಪಟ್ಟಿ ಬಂತು.
ತಲಾ ಸೂಪಿನ ವೆಚ್ಚ. ಮಂಚಕ್ಕಿಷ್ಟು ಕಲ್ಲಿದ್ದಲು.
ತ್ರೈಮಾಸಿಕ ಗುರಿ. ಸಾಧನೆ.
ನಾನು ವಿವರಿಸಿದೆ: ಅಂಗಡಿಯವನಿಗೆ
ಮತ್ತೆ ಬರುವ ಗಿರಾಕಿಯೇ ಲಾಭ,
ನಮಗೆ ಉಲ್ಟಾ, ಮತ್ತೆ ಬಾರದವನೇ ಯಶಸ್ಸು.
ಅವನಿಗೆ ಕೆಲಸ ಸಿಕ್ಕಿರುತ್ತದೆ, ಬಾಡಿಗೆಗೊಂದು ಕೋಣೆ,
ಜೇಬಿನಲ್ಲೊಂದು ಬೀಗದ ಕೈ.

ಬೊಝೆನಾ ಆಲೂಗಡ್ಡೆ ಸುಲಿಯುತ್ತಲೇ ಕೇಳಿದಳು:
ಲುದೊಮಿರ್ ಹತ್ತು ದಿನದಿಂದ ಬಂದಿಲ್ಲ.
ಯಶಸ್ಸೇ?

ಹೊರಗೆ ಮೈನಸ್ ಹದಿನೇಳು.

ಹೊಸದೊಂದು ಕಾಲಂ ಎಳೆದೆ. ಮೇಲೆ ಬರೆದೆ: ಗೊತ್ತಿಲ್ಲ.
ನಗರಸಭೆಯಿಂದ ಪತ್ರ ಬಂತು, ಮೊಹರು ಸಮೇತ:
'ಗೊತ್ತಿಲ್ಲ' ಬಾಬಿನಡಿ ಮುಂದಿನ ತ್ರೈಮಾಸಿಕದ ಗುರಿ ಎಷ್ಟು?
ಬೊಝೆನಾ ಚಾಕು ಕೆಳಗಿಟ್ಟು ನಕ್ಕಳು, ಕೆಮ್ಮು ಹತ್ತುವವರೆಗೆ.
ನಾನೂ ನಗಬೇಕೆಂದಿದ್ದೆ.
ಬದುಕಿಡೀ ಇಂಥವೇ ಪತ್ರ ಬರೆದವನು ನಾನು,
ಒಕ್ಕಣೆ ಕೂಡ ನನ್ನದೇ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದು
ಮೊದಲು ಮಕ್ಕಳಾಟದ ಕರುಣೆಯ ಮಾತು:
ಚಿಕ್ಕವನನ್ನೂ ಸೇರಿಸಿಕೊಳ್ಳಿ,
ಔಟಾದರೂ ಓಡಲಿ ಬಿಡಿ.
ಆ ಅರವತ್ತು ಮಂಚಗಳ ನಿಯಮವೂ ಅದೇ ಇತ್ತು
ನಾನು ಬರುವವರೆಗೆ.

ಮಾರ್ಚ್‌ನಲ್ಲಿ ಹಿಮ ಕರಗಿತು.
ಸೂಪಿನ ಸಾಲಿನಲ್ಲೊಬ್ಬ ಹುಡುಗ, ನಮ್ಮ ಭಾಷೆ ಬಾರದವನು;
ಕಾಲಲ್ಲಿ ನಲವತ್ತನಾಲ್ಕರ ಕಂದು ಬೂಟು,
ಕಳಚಿಸಿ ನೋಡಿದರೆ ನನ್ನದೇ ಅಕ್ಷರ: ನೂರ ಹದಿನೆಂಟು.
ಲುದೊಮಿರನಿಗೆ ಕೊಟ್ಟದ್ದು.
ಎಲ್ಲಿ ಸಿಕ್ಕಿತೆಂದು ಕೈಸನ್ನೆಯಲ್ಲಿ ಕೇಳಿದೆ.
ಅವನು ಎರಡು ಬೆರಳು ತುಟಿಗಿಟ್ಟು ಉಸಿರು ಬಿಟ್ಟ.
ಸಿಗರೇಟಿಗೆ ಕೊಂಡನೋ,
ಕೊಟ್ಟವನು ಸೇದುತ್ತ ಕೂತಿದ್ದನೋ,
ನನ್ನನ್ನೇ ಒಂದು ಕೇಳುತ್ತಿದ್ದನೋ.

ಬೊಝೆನಾ ಅವನ ಬಟ್ಟಲಿಗೆ ಎರಡನೇ ಸೌಟು ಸುರಿದಳು.
ಪಟ್ಟಿಯಲ್ಲಿ ತಲಾ ಒಂದೇ.

ಬೂಟು ಅವನಿಗೆ ಸಡಿಲ.
ನಾನು ಒಳಗೆ ಹೋಗಿ, ಕಳೆದ ವರ್ಷದ ವರದಿಯಿಂದ
ನಾಲ್ಕು ಹಾಳೆ ಹರಿದು ತಂದು, ಉಂಡೆ ಕಟ್ಟಿ
ತುದಿಗೆ ತುರುಕಿದೆ.
ನಡೆದು ನೋಡು ಎಂದೆ.
ನಡೆದ.